ಕೊನೆಯ ಸಾಲು ಹಾಡುವುದಲ್ಲ

ಕುರ್ಚಿಯ ಒಂದು ಕಾಲು ಗಿಡ್ಡ, ಅದಕ್ಕೇ ಇದೊಂದು ಖಾಲಿ ಉಳಿದಿರಬೇಕು, ಕೂತರೆ ಎಡಕ್ಕೆ ವಾಲುತ್ತದೆ, ಯಾರೋ ಸಿಗರೇಟಿನ ಪೊಟ್ಟಣ ಮಡಚಿ ಕಾಲಿನಡಿ ಇಟ್ಟಿದ್ದಾರೆ, ಅದೂ ಜಾರಿಹೋಗಿದೆ, ಬಾರ್ಟ್ಲಿ ಹಿಮ್ಮಡಿ ಊರಿ ಸಮ ಮಾಡಿಕೊಳ್ಳುವ ಹೊತ್ತಿಗೆ ತಿಳಿಯಿತು ಪಕ್ಕದಲ್ಲಿರುವುದು ಯಾರೆಂದು, ನೋಡಿ ತಿಳಿದದ್ದಲ್ಲ, ಹೊಗೆಯ ವಾಸನೆಯಿಂದ, ಜೌಗಿನಿಂದ ಕಡಿದು ಒಣಗಿಸಿ ಒಲೆಗೆ ಹಾಕುವ ಮಣ್ಣು ಹೆಂಟೆಯ ಹೊಗೆ, ಅದು ಅವನದೇ ಹೆಂಟೆ, ಅವನೇ ತಿಂಗಳಿಗೊಮ್ಮೆ ಗಾಡಿಯಲ್ಲಿ ತುಂಬಿಕೊಂಡು ಹೋಗಿ ಅವಳ ಗೋಡೆಗೆ ಒರಗಿಸಿ ಒಟ್ಟಿ ಬರುವುದು, ಆ ಹೊಗೆಯೇ ಈಗ ಬ್ರೀಡ್ ಫೆಸ್ಟಿಯ ಕರಿ ಶಾಲಿನಲ್ಲಿ ಕೂತು ಅವನ ಮೂಗಿಗೆ ಬರುತ್ತಿದೆ. ಏಳೋಣವೆಂದರೆ ಎದ್ದು ಹೋಗುವುದಾದರೂ ಎಲ್ಲಿಗೆ, ಸಭಾಂಗಣ ಕಿಕ್ಕಿರಿದಿದೆ, ಬಾಗಿಲಲ್ಲೂ ಜನ, ಮಧ್ಯಾಹ್ನದ ಬಿಸಿಲು ಸಮುದ್ರದ ಮೇಲಿಂದ ಹಾಯ್ದು ಕಿಟಕಿಯ ಗಾಜಿನಲ್ಲಿ ಕಣ್ಣು ಕುಕ್ಕುತ್ತಿದೆ, ಚಹಾ, ಹಂದಿಮಾಂಸ ಇಟ್ಟ ಬ್ರೆಡ್ಡು, ಒದ್ದೆ ಉಣ್ಣೆ, ಗೋಡೆಯ ಗೂಟಗಳ ಮೇಲೆ ದೋಣಿ ಪಂದ್ಯದ ಹುಡುಗಿಯರು ತೂಗುಹಾಕಿದ ಕಿತ್ತಳೆ ಬಣ್ಣದ ತೇಲುಕವಚಗಳು, ನೀರು ತೊಟ್ಟಿಕ್ಕುತ್ತಿವೆ, ಅತ್ತ ನೋಡುವುದು ಬೇಡ. ಮುಂದೆ ನಿಂತ ಕೋಮಿನ್, ವರ್ಷವೂ ಹಾಡುಗಾರರನ್ನು ಕರೆಯುವವನು ಅವನೇ, ಬಾರ್ಟ್ಲಿಯ ಕಡೆ ಕೈ ತೋರಿಸಿ, ಬಾರಪ್ಪಾ, ಪಂದ್ಯದಲ್ಲೂ ನಿಮ್ಮ ಮನೆ ದೋಣಿನೇ ಕೊನೆ, ಇಲ್ಲಿಗೂ ನೀನೇ ಕೊನೆ, ಮಗಳಿಗೆ ಹುಟ್ಟು ಹಾಕೋದು ಕಲಿಸ್ದೋ ಇಲ್ಲ ಬರೀ ಮೀನು ತಿನ್ನೋದು ಕಲಿಸ್ದೋ, ಎಂದ. ನಕ್ಕರು, ಅವನೂ ನಕ್ಕ, ನಗಬೇಕು, ಮನೆಯಲ್ಲಿ ಹೆಂಡತಿ ಊನಾ ಹೇಳಿಯೇ ಕಳಿಸಿದ್ದಳು, ನೀವೊಬ್ಬರೇ ಹೋಗದಿದ್ರೆ ಜನ ಗಮನಿಸ್ತಾರೆ, ಹೋಗಿ ಅರ್ಧ ಗಂಟೆ ಕೂತು ಬನ್ನಿ, ಗಂಡಂದಿರನ್ನು ಹೆಂಡತಿಯರು ಹೀಗೆ ಸಾಯಲು ಕಳಿಸುತ್ತಾರೆ, ಕೈಗೆ ಛತ್ರಿ ಕೊಟ್ಟು.

ಬ್ರೀಡ್, ನೀನು, ಎಂದ ಕೋಮಿನ್. ಇದು ಪ್ರತಿವರ್ಷದ ಶಾಸ್ತ್ರ, ಹನ್ನೊಂದು ವರ್ಷದಿಂದ ಅವನು ಮೂರು ಸಲ ಕೇಳುತ್ತಾನೆ, ಅವಳು ಮೂರು ಸಲವೂ ಗಂಟಲು ಕಟ್ಟಿದೆ ಎನ್ನುತ್ತಾಳೆ, ಮೂರನೆಯ ಸಲಕ್ಕೆ ಅವನು ಟೋಪಿ ತೆಗೆದು ತಲೆಬಾಗಿ ಮುಂದಿನವರನ್ನು ಕರೆಯುತ್ತಾನೆ, ಮಗ ಸಮುದ್ರದ ಪಾಲಾದ ಮನೆಯಲ್ಲಿ ಹಾಡು ನಿಲ್ಲುತ್ತದೆ, ಎಷ್ಟು ದಿನಕ್ಕೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಒಮ್ಮೆ ಕೇಳಿದ. ಅವಳು ಗಂಟಲು ಕಟ್ಟಿದೆ ಅನ್ನಲಿಲ್ಲ. ಅನ್ನು, ಬಾರ್ಟ್ಲಿ ಮನಸ್ಸಿನಲ್ಲಿ ಹೇಳಿಕೊಂಡ, ಅನ್ನು, ಬರುವ ವಾರವೂ ಹೆಂಟೆ ತರುತ್ತೇನೆ, ಚಿಮಣಿ ಗುಡಿಸಿಕೊಡುತ್ತೇನೆ, ಅನ್ನು — ಅವಳು ಕಣ್ಣು ಮುಚ್ಚಿದಳು, ಅವನ ಕಡೆ ತಿರುಗದೆಯೇ ಎಡಗೈ ಚಾಚಿದಳು, ಅಂಗೈ ಮೇಲಾಗಿ, ಬಿಸ್ಕತ್ತು ಕೇಳುವ ಮಗುವಿನ ಹಾಗೆ. ಪಕ್ಕದಲ್ಲಿ ಕೂತವರು ಹಿಡಿಯಬೇಕು. ಹಾಡುವವರ ಕೈ ಹಿಡಿದು, ಹಾಡು ನಡೆದಂತೆಲ್ಲ ಹಳೆಯ ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ನಿಧಾನ ಸುತ್ತುತ್ತಿರಬೇಕು, ಹಾಡುವವರಿಗೆ ಮಾತು ಮರೆತರೆ ಕೈ ಹಿಡಿದವರೇ ಎತ್ತಿಕೊಡಬೇಕು, ಮುಗಿಯುವ ತನಕ ಬಿಡುವ ಹಾಗಿಲ್ಲ, ಬಿಟ್ಟರೆ ಹಾಡಿದವರಿಗೆ ಅವಮಾನ, ಬಿಟ್ಟವನ ಮನೆಗೆ ಅದಕ್ಕಿಂತ ಹೆಚ್ಚು. ಆ ಕಡೆ ಅವಳ ಬಲಕ್ಕೆ ಗೋಡೆ. ಈ ಕಡೆ ಅವನು, ಗಿಡ್ಡ ಕಾಲಿನ ಕುರ್ಚಿಯಲ್ಲಿ. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದಾರೆ. ಹಿಡಿದ. ಒಣಗಿತ್ತು, ಬೆಚ್ಚಗಿತ್ತು, ಅದು ಬೆಚ್ಚಗಿರಬಹುದೆಂದು ಅವನು ಎಣಿಸಿರಲಿಲ್ಲ, ಕಿರುಬೆರಳಿನ ಗೆಣ್ಣು ಸೊಟ್ಟ, ಅವಳ ಮಗ ಕೊಲ್ಮಾನ್‌ನದೂ ಹಾಗೇ ಸೊಟ್ಟ, ತಾಯಿಯಿಂದ ಬಂದದ್ದು.

ದನಿ ಬಂತು. ಮೊದಲ ಪದಕ್ಕೇ ಚಹಾದ ಬಟ್ಟಲುಗಳು ನಿಂತಲ್ಲೇ ನಿಂತವು. ಹೊರಗಿನವರು ಬಂದರೆ ಇದನ್ನು ಚೆಂದದ ದನಿ ಅನ್ನುವುದಿಲ್ಲ, ಸಿಹಿಯಿಲ್ಲ ಅದರಲ್ಲಿ, ಎದೆಯಿಂದ ಬರುವುದಲ್ಲ, ಮೂಗು ಮತ್ತು ಮೂಳೆಯ ನಡುವಿನಿಂದ ಎಲ್ಲಿಂದಲೋ ಬರುತ್ತದೆ, ಒದ್ದೆ ಮರದಲ್ಲಿ ಗರಗಸ ಹೋಗುವ ಹಾಗೆ, ಒಂದು ಪದವನ್ನು ಹಿಡಿದು ಏಳು ಚೂರು ಮಾಡಿ ಒಂದೊಂದನ್ನೂ ತಿರುಗಿಸಿ ನೋಡಿ ಕೆಳಗಿಡುತ್ತದೆ, ಅಳುವುದಿಲ್ಲ, ಏರುವುದಿಲ್ಲ, ಮುಖದಲ್ಲಿ ಒಂದು ನರ ಅಲುಗುವುದಿಲ್ಲ, ಅಳಬೇಕಾದವರು ನೀವು ಎಂಬಂತೆ. ಹನ್ನೊಂದು ವರ್ಷ ಮುಚ್ಚಿಟ್ಟರೂ ತುಕ್ಕು ಹಿಡಿದಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಮುದುಕ ಮೆಲ್ಲಗೆ, ನಿನ್ನ ದನಿಗೆ ಶರಣು ಬ್ರೀಡ್, ನೂರು ವರ್ಷ ಬಾಳು, ಎಂದ. ಬಾರ್ಟ್ಲಿಯ ಕುತ್ತಿಗೆಯ ಕೂದಲು ನಿಂತದ್ದು ದನಿಗಲ್ಲ, ಹಾಡಿಗೆ, ಇರುವ ನೂರು ಹಾಡುಗಳಲ್ಲಿ ಇವಳು ಇದನ್ನೇ ಹಿಡಿದಿದ್ದಾಳೆ, ಫೆಸ್ಟಿಯ ಮನೆಯ ಹಾಡು, ಅವಳ ಅಪ್ಪನಿಂದ ಅವಳಿಗೆ, ಅವಳಿಂದ ಕೊಲ್ಮಾನ್‌ಗೆ, ಮತ್ತೊಂದು ಮನೆಯವರು ಹಾಡುವುದಿಲ್ಲ ಆದರೆ ಊರಿಗೆ ಊರೇ ಬಲ್ಲದು, ಐದು ನುಡಿ, ಬೆಟ್ಟದಾಚೆ ಕೆಲಸಕ್ಕೆ ಹೊರಟವನು ಹುಡುಗಿಗೆ ಹೇಳುವುದು, ಪ್ರತಿ ನುಡಿಯ ಕೊನೆಗೂ ಅದೇ ಮಾತು, ಚಿಲಕ ಹಾಕಬೇಡ ಹುಡುಗಿ, ನಾನು ಬರುತ್ತೇನೆ. ಬಂತು ಮೊದಲ ಸಲ. ಚಿಲಕ ಹಾಕಬೇಡ. ಅವನು ಕೈ ಸುತ್ತಿದ. ಹಾಕುವುದಿಲ್ಲ ಅವಳು, ಅವನಿಗೆ ಗೊತ್ತು, ಹೆಂಟೆ ಒಟ್ಟಲು ಹೋದಾಗೆಲ್ಲ ಒಳಗಿಂದ ಕೂಗುತ್ತಾಳೆ, ತೆರೆದೇ ಇದೆ, ಬಾ, ಅವಳ ಬಾಗಿಲು ಹನ್ನೊಂದು ವರ್ಷದಿಂದ ತೆರೆದೇ ಇದೆ, ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಒಂದು ಕಲ್ಲು ಒರಗಿಸಿದ್ದಾಳೆ, ಅಷ್ಟೇ, ಕಳೆದ ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದಳು, ಡಾಕ್ಟರು ಬೈದರು, ಮಂಜಿನಗಾಳಿ ಒಳಗೇ ಬರ್ತಿದೆಯಲ್ಲಮ್ಮ, ಅವತ್ತು ಹೊರಡುವಾಗ ಬಾರ್ಟ್ಲಿ ಹೊರಗಿನಿಂದ ಬಾಗಿಲೆಳೆದು ಚಿಲಕ ಬೀಳಿಸಿದ, ಅಂಗಳ ದಾಟುವಷ್ಟರಲ್ಲಿ ಹಿಂದೆ ಸದ್ದಾಯಿತು, ಹಾಸಿಗೆಯಿಂದ ಎದ್ದು ಬಂದು ಚಿಲಕ ಎತ್ತುತ್ತಿದ್ದಾಳೆ, ಬರಿಗಾಲಲ್ಲಿ, ಕಲ್ಲನ್ನು ಕಾಲಿನಿಂದಲೇ ತಳ್ಳಿ ಮತ್ತೆ ಅದರ ಜಾಗಕ್ಕೆ ತಂದಳು. ಹೆಣ ಸಿಕ್ಕಿದ್ದರೆ ಹಾಕುತ್ತಿದ್ದಳೇನೋ. ಸಿಗಲಿಲ್ಲ. ಕಂಡವರಿದ್ದರೆ ಹಾಕುತ್ತಿದ್ದಳೇನೋ. ಯಾರು ಕಂಡಿದ್ದಾರೆ.

ಎರಡನೆಯ ನುಡಿ, ಮೂರನೆಯದು, ಅವಳು ಆತುರಪಡುವುದಿಲ್ಲ, ಕೈ ಸುತ್ತುತ್ತಿರುವುದು ತಾನೋ ಅವಳೋ ಈಗ ತಿಳಿಯುತ್ತಿಲ್ಲ, ಹಗ್ಗ ಎಳೆಯುವಾಗಲೂ ಹೀಗೇ, ಸ್ವಲ್ಪ ಹೊತ್ತಾದರೆ ಹಗ್ಗವೇ ನಿನ್ನನ್ನು ಎಳೆಯುತ್ತದೆ, ಅವತ್ತು ನವೆಂಬರು, ಏಡಿ ಹಿಡಿಯುವ ಬುಟ್ಟಿಗಳ ಕೊನೆಯ ಸಾಲು ಎತ್ತಿ ತಂದುಬಿಡೋಣ ಎಂದದ್ದು ಅವನೇ, ಬಾರ್ಟ್ಲಿಯೇ, ಕೊಲ್ಮಾನ್ ಆಕಾಶ ನೋಡಿ, ನಾಳೆ ಹೋದ್ರೆ ಏಡಿಗೇನು ರೆಕ್ಕೆ ಬರುತ್ತಾ, ಅಂದ, ಅಂದರೂ ಬಂದ, ಟಾರು ಬಳಿದ ಕ್ಯಾನ್ವಾಸಿನ ದೋಣಿ, ಇಬ್ಬರೇ, ಈಜು ಇಬ್ಬರಿಗೂ ಬಾರದು, ಕಲಿತರೆ ಸಾವು ನಿಧಾನವಾಗುತ್ತದೆ ಅಷ್ಟೇ ಎಂದು ಅಪ್ಪಂದಿರು ಕಲಿಸಲಿಲ್ಲ, ಅಲೆ ದೊಡ್ಡದೇನಲ್ಲ, ಅಡ್ಡ ಬಂತು, ದೋಣಿ ಮಗುಚಿತು — ಭಲೇ, ಎಂದರು ಸಭೆಯಲ್ಲಿ ಯಾರೋ, ದೇವರು ನಿನ್ನ ಗಂಟಲು ಕಾಯಲಿ — ಮಗುಚಿದ ಮೇಲೆ ಕೊಲ್ಮಾನ್ ಕಾಣಲೇ ಇಲ್ಲ. ಹಾಗೆಂದೇ ಹೇಳಿದ್ದು. ಪೊಲೀಸರಿಗೆ, ಪಾದ್ರಿಗೆ, ಊನಾಗೆ, ಎಲ್ಲರಿಗಿಂತ ಮೊದಲು ಬ್ರೀಡ್‌ಗೆ, ದಡಕ್ಕೆ ತಂದು ಕಂಬಳಿ ಸುತ್ತಿ ಕೂರಿಸಿದಾಗ ಅವಳೇ ಬಂದಳು, ಎದುರು ಮಂಡಿಯೂರಿ, ಏನಾದ್ರೂ ಹೇಳಿದ್ನಾ ಅಂದಳು. ಎಲ್ಲಿ ಅಂತ ಕೇಳಲಿಲ್ಲ, ಹೇಗೆ ಅಂತ ಕೇಳಲಿಲ್ಲ. ಏನಾದ್ರೂ ಹೇಳಿದ್ನಾ. ಮಗುಚಿದ ಮೇಲೆ ಕಾಣ್ಲೇ ಇಲ್ಲ ಎಂದ ಬಾರ್ಟ್ಲಿ, ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿತ್ತು, ಸುಳ್ಳು ಹೇಳುತ್ತಿದ್ದೇನೆಂದು ಆಗ ಅನ್ನಿಸಲೂ ಇಲ್ಲ, ಬಾಯಿಗೆ ಮೊದಲು ಬಂದದ್ದು ಅದು, ಕಂಡೆ ಎಂದರೆ ಎಷ್ಟು ಹೊತ್ತು ಎನ್ನುತ್ತಾರೆ, ಕೈ ಹಿಡಿದಿದ್ದೆ ಎಂದರೆ ಮತ್ತೆ ಯಾಕೆ ಬಿಟ್ಟೆ ಎನ್ನುತ್ತಾರೆ. ಆಮೇಲೆ ತಿದ್ದಲು ಹೋದರೆ ಒಂದು ದಿನ ತಡವಾಗಿತ್ತು, ಒಂದು ವಾರ ತಡವಾಗಿತ್ತು, ಹನ್ನೊಂದು ವರ್ಷ. ಆ ತಡಕ್ಕೆಲ್ಲ ಹೆಂಟೆ ಒಟ್ಟಿದ.

ನಾಲ್ಕನೆಯ ನುಡಿಯಲ್ಲಿ ದನಿ ಇನ್ನೂ ಕೆಳಗಿಳಿಯಿತು, ಮುಂದೆ ಕೂತವರು ಬಾಗಿದರು, ಕಿತ್ತಳೆ ಕವಚಗಳಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿದೆ, ಇದೇ ಹಾಡು, ಇದೇ ತಿರುವು, ಬೆಟ್ಟ ಎಂಬ ಪದವನ್ನು ಅವಳು ಮುರಿಯುವ ಜಾಗದಲ್ಲೇ ಕೊಲ್ಮಾನ್ ಕೂಡ ಮುರಿಯುತ್ತಿದ್ದ, ನೀರಲ್ಲೂ ಅಲ್ಲೇ ಮುರಿದ, ಬಾರ್ಟ್ಲಿ ಮಗುಚಿದ ದೋಣಿಯ ಬೆನ್ನ ಮೇಲೆ ಹೊಟ್ಟೆ ಅಡಿಯಾಗಿ ಬಿದ್ದಿದ್ದಾನೆ, ಒಂದು ಕೈ ದೋಣಿಯ ಬೆನ್ನುಮರಕ್ಕೆ, ಒಂದು ಕೈಯಲ್ಲಿ ಕೊಲ್ಮಾನ್‌ನ ಕೈ, ಅವನ ಮುಖ ಮಾತ್ರ ನೀರಿನ ಮೇಲೆ, ತುಟಿ ನೀಲಿ, ನಿದ್ದೆ ಮಾಡ್ಬೇಡ ಕಣೋ ಕತ್ತೆ, ಎಂದ ಕೊಲ್ಮಾನ್, ನೀನು ಮಲಗಿದ್ರೆ ಇಬ್ಬರೂ ಹೋಗ್ತೀವಿ, ಹಾಡ್ತೀನಿ, ಕೇಳ್ತಾ ಇರು, ಹಾಡಿದ, ಬಾಯಿಗೆ ನೀರು ಬಂದಾಗ ಉಗಿದು ಬಿಟ್ಟಲ್ಲಿಂದ ಹಿಡಿದು, ಅದೇ ಒಣ ದನಿ, ತಾಯಿಯದು, ಅಳುವೇ ಇಲ್ಲದ್ದು, ಭಯವಾಗುವುದೇ ಅದಕ್ಕೆ, ಐದೂ ನುಡಿ. ಐದನೆಯದು ಈಗ ಶುರುವಾಗಿದೆ. ಬ್ರೀಡ್‌ಳ ಹೆಬ್ಬೆರಳು ಅವನ ಹೆಬ್ಬೆರಳನ್ನು ಒತ್ತುತ್ತಿದೆ, ವಯಸ್ಸಾದವಳಿಗೆ ಇಷ್ಟು ಬಲವೇ, ಬೆವರಿಗೆ ಜಾರುತ್ತಿದೆ, ಜಾರಬಾರದು, ಅವನು ಇನ್ನೂ ಬಿಗಿ ಹಿಡಿದ, ಅವತ್ತು ಹೀಗೆ ಹಿಡಿದಿದ್ದೆನೇ, ಹಿಡಿದಿದ್ದೆ, ಜಾರಿತೋ, ಬೆರಳು ಮರಗಟ್ಟಿತೋ, ಇಲ್ಲ ಒಂದೇ ಒಂದು ಕ್ಷಣ, ಭಾರ ಸಾಕು ಅನ್ನಿಸಿತೋ, ಅದೊಂದು ಗೊತ್ತಾದರೆ — ರಬ್ಬರ್ ಕೈಗವಸು, ಏಡಿ ಬುಟ್ಟಿಯವರು ಹಾಕುವ ಕಿತ್ತಳೆ ಬಣ್ಣದ್ದು, ಅವನ ಕೈಯಲ್ಲಿ ಉಳಿದದ್ದು ಅದು, ಬೇಡ, ಅದು ಬೇಡ, ಹಾಡು ಕೇಳು.

ದನಿ ಕೊನೆಯ ಸಾಲಿನ ಅಂಚಿಗೆ ಬಂದು ನಿಂತಿತು. ಕೊನೆಯ ಸಾಲನ್ನು ಹಾಡುವುದಿಲ್ಲ, ಮಾತಿನ ಹಾಗೆ ಆಡಿಬಿಡುತ್ತಾರೆ, ಹಾಡಿನಿಂದ ಇಳಿದು ಮತ್ತೆ ನೆಲದ ಮೇಲೆ ಕಾಲಿಟ್ಟ ಹಾಗೆ, ಆಗ ಎಲ್ಲರೂ ಉಸಿರು ಬಿಡುತ್ತಾರೆ, ಯಾರೋ ಮೇಜು ಬಡಿಯುತ್ತಾರೆ. ಅವಳು ಆಡಲಿಲ್ಲ. ಬಾಯಿ ತೆರೆದಿದೆ, ಕಣ್ಣು ಮುಚ್ಚಿದೆ. ಮರೆತಳೇ, ಅದನ್ನು ಮರೆಯಲು ಸಾಧ್ಯವೇ, ನಾಲ್ಕು ಸಲ ಹಾಡಿದ್ದಾಳಲ್ಲ ಈಗಷ್ಟೇ, ಇಲ್ಲ ಆಡಲಾರಳೇ, ಸಭಾಂಗಣ ಕಾಯುತ್ತಿದೆ, ಕೋಮಿನ್ ಅವನತ್ತ ನೋಡಿ ಗದ್ದ ಎತ್ತಿದ, ಕೈ ಹಿಡಿದವನು ನೀನು, ಎತ್ತಿಕೊಡು, ಮಗುವಿಗೂ ಗೊತ್ತಿರುವ ಸಾಲು, ಬಾರ್ಟ್ಲಿ ಅವಳ ಕಿವಿಯತ್ತ ಬಾಗಿದ, ಹೊಗೆಯ ವಾಸನೆ, ಉಪ್ಪಿನ ವಾಸನೆ, ಕೈ ಕೈಯಲ್ಲಿ, ಐದನೆಯ ನುಡಿ ಮುಗಿದ ಮೇಲೆ ಬರುವ ಸಾಲು, ನೀರಲ್ಲಿ ಅವನು ಕೊನೆಯ ಸಲ ಕೇಳಿದ ಹಾಗೇ, ಯೋಚಿಸದೆ, ಬಾಯಿ ತಾನೇ ಆಡಿತು —

ಚಿಲಕ ಹಾಕ್ಕೊಂಡು ಮಲಕ್ಕೋ ಅಮ್ಮ, ಚಳಿ ಇದೆ.

ಪಿಸುಮಾತೇ, ಆದರೆ ಆ ಮೌನದಲ್ಲಿ ಹಿಂದಿನ ಕುರ್ಚಿಗಳವರೆಗೂ ಹೋಯಿತು. ಅದಲ್ಲ ಸಾಲು. ಹಾಡಿನಲ್ಲಿ ಅಮ್ಮ ಇಲ್ಲ. ಯಾರೋ ಕೆಮ್ಮಿದರು, ಕೋಮಿನ್‌ನ ನಗು ಅರ್ಧಕ್ಕೆ ನಿಂತಿತು, ಬಾರ್ಟ್ಲಿ ಕೈ ಎಳೆದುಕೊಳ್ಳಲು ನೋಡಿದ, ಸುತ್ತುವುದು ನಿಂತಿತ್ತು, ಅವಳು ಬಿಟ್ಟಿರಲಿಲ್ಲ. ಕಣ್ಣು ತೆರೆದಳು. ಅವನನ್ನಲ್ಲ, ಎದುರಿನ ಕಿಟಕಿಯನ್ನು ನೋಡಿದಳು, ಬಿಸಿಲನ್ನು, ಅದರಾಚೆಯದನ್ನು, ಮತ್ತೆ ಹಾಡಿನಿಂದ ಇಳಿಯುವ ಆ ಒಣ ಮಾತಿನ ದನಿಯಲ್ಲಿ, ಒಂದೊಂದೇ ಪದ ಕೆಳಗಿಟ್ಟಳು, ಚಿಲಕ ಹಾಕ್ಕೊಂಡು ಮಲಕ್ಕೋ ಅಮ್ಮ, ಚಳಿ ಇದೆ. ಹಾಡು ಮುಗಿಯಿತು. ಯಾರೂ ಮೇಜು ಬಡಿಯಲಿಲ್ಲ. ಈಗ ಕೈ ಬಿಡಬಹುದು, ಮುಗಿದ ಮೇಲೆ ಬಿಡಬಹುದು, ಅವಳು ಬಿಡುತ್ತಿಲ್ಲ, ಕುರ್ಚಿ ಎಡಕ್ಕೆ ವಾಲುತ್ತಿದೆ, ಹಿಮ್ಮಡಿಗೆ ನೆಲ ಸಿಗುತ್ತಿಲ್ಲ, ಅವಳು ಅವನೊಬ್ಬನಿಗೇ ಕೇಳುವ ಹಾಗೆ, ಸಿಟ್ಟಿಲ್ಲದೆ, ದಡದಲ್ಲಿ ಮಂಡಿಯೂರಿ ಕೇಳಿದ ದನಿಯಲ್ಲೇ ಕೇಳಿದಳು.

ಎಷ್ಟು ಹೊತ್ತು ಹಿಡ್ಕೊಂಡಿದ್ದೆ, ಮಗಾ?

ಎಷ್ಟು ಹೊತ್ತು, ಐದು ನುಡಿ, ಐದು ನುಡಿ ಮತ್ತು ಆ ಒಂದು ಸಾಲು, ಹೇಳು, ಬಾಯಿ ತೆರೆ, ಆಮೇಲೆ ಜಾರಿತು, ಇಲ್ಲ, ಜಾರಿತೋ — ಅವತ್ತು ಕೈಯಲ್ಲಿ ಭಾರ ಇದ್ದಕ್ಕಿದ್ದಂತೆ ಹಗುರ, ಎತ್ತಿ ನೋಡಿದ, ಕಿತ್ತಳೆ ಬಣ್ಣದ ಕೈಗವಸು, ಒಳಗೆ ಯಾರೂ ಇಲ್ಲ, ಆದರೂ ಬೆರಳುಗಳು ಇನ್ನೂ ಮಡಚಿಕೊಂಡೇ ಇವೆ, ಅವನ ಕೈಯನ್ನು ಹಿಡಿದುಕೊಂಡೇ ಇವೆ, ಕಿತ್ತಳೆ ಕೈಗವಸು, ಐದೂ ಬೆರಳಿನ ತುಂಬ ನೀರು — ಕೈಗವಸು, ಬೆರಳು ಮಡಚಿ, ನೀರು —