ಬಿಸಿ ತಾಗದ ಕೈ

ಯಳವತ್ತಿಯಲ್ಲಿ ಯಾರ ಮನೆಯ ಮದುವೆಯಾದರೂ ರೊಟ್ಟಿ ಬಡಿಯಲು ಮೊದಲ ಕರೆ ಅನ್ನಪೂರ್ಣವ್ವನಿಗೆ ಹೋಗುತ್ತಿತ್ತು. ಉಳಿದ ಹೆಂಗಸರು ಕಾದ ಹಂಚು ಇಳಿಸಲು ಅರಿವೆ ಹುಡುಕುತ್ತಿದ್ದರೆ ಈಕೆ ಬರಿಗೈಯಲ್ಲಿ ಎತ್ತಿ ಪಕ್ಕಕ್ಕಿಡುತ್ತಿದ್ದಳು. "ನಮ್ಮ ಸೊಸಿ ಕೈಯಾಗ ದೇವಿ ಅದಾಳವಾ," ಎಂದು ಅವಳ ಅತ್ತೆ ಬಸವಣ್ಣೆವ್ವ ಊರ ತುಂಬ ಹೇಳಿಕೊಂಡು ಬರುತ್ತಿದ್ದಳು. ಊರೂ ಅದನ್ನು ನಂಬಿತ್ತು.

ನಾನು ಕಮಲಾಬಾಯಿ, ಆ ಊರಿನ ಶಾಲೆಯ ಶಿಕ್ಷಕಿ. ಲಕ್ಷ್ಮೇಶ್ವರದಿಂದ ದಿನಾ ಬಸ್ಸಿಗೆ ಬಂದು ಹೋಗುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು, ಮೊದಲೇ ಹೇಳಿಬಿಡುತ್ತೇನೆ. ಎಂಬತ್ತೊಂಬತ್ತರಲ್ಲಿ ಒಂದು ಮದುವೆ ಮನೆಯ ಹಿತ್ತಲಲ್ಲಿ ನಾನೂ ಅನ್ನಪೂರ್ಣವ್ವನ ರೊಟ್ಟಿ ಬಡಿತ ನೋಡುತ್ತ ನಿಂತಿದ್ದೆ. ಅವಳು ಹಂಚು ಎತ್ತಿದಳು, ಹೆಂಗಸರು "ಭಲೆ ಭಲೆ" ಎಂದರು. ನಾನು ಮಾತ್ರ ಅವಳ ಕಿರುಬೆರಳು ನೋಡಿದೆ. ಅಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಅವಳು ಅದೇ ಬೆರಳನ್ನು ಹಿಟ್ಟಿಗೆ ಒತ್ತಿ ನಗುತ್ತ ನಾದುತ್ತಿದ್ದಳು.

ಅವಳನ್ನು ಪಕ್ಕಕ್ಕೆ ಕರೆದೆ.

"ಬೆರಳು ಉರೀತದೇನವಾ?"

"ಇಲ್ರೀ ಅಕ್ಕೋರ. ಸುಟ್ಟದ್ದೂ ನನಗ ಗೊತ್ತಿಲ್ಲ."

"ಮೈಮ್ಯಾಲೆ ಎಲ್ಲೆರೆ ಮಚ್ಚಿ ಅದ ಏನು?"

ಅವಳು ಸೆರಗು ಸರಿಸಿ ಮೊಣಕೈ ತೋರಿಸಿದಳು. ಅಂಗೈಯಗಲದ ಮಚ್ಚೆ, ಸುತ್ತಲಿನ ಚರ್ಮಕ್ಕಿಂತ ಬಿಳಿಚಿಕೊಂಡಿತ್ತು. ಅವಳ ಮುಖ ಆಚೆ ತಿರುಗಿಸಿ ಸೆರಗಿನ ತುದಿಯಿಂದ ಆ ಮಚ್ಚೆಯನ್ನು ಮುಟ್ಟಿದೆ. "ಮುಟ್ಟಿದ್ದು ಗೊತ್ತಾತೇನು?" ಎಂದೆ. "ಇನ್ನೂ ಮುಟ್ಟೇ ಇಲ್ಲಲ್ರೀ," ಎಂದಳು.

ಇದು ಕುಷ್ಠರೋಗವೇ ಇರಬೇಕು, ದವಾಖಾನೆಗೆ ತೋರಿಸೋಣ ಎಂದಾಗ ಅನ್ನಪೂರ್ಣವ್ವ ನನ್ನ ಎರಡೂ ಕೈ ಹಿಡಿದುಕೊಂಡಳು. ಎಂಟು ತಿಂಗಳ ಕೂಸು ಅವಳಿಗೆ. "ಅಕ್ಕೋರ, ನಮ್ಮತ್ತಿಗೆ ಹೇಳಬ್ಯಾಡ್ರೀ. ಕೂಸು ಕಸಗೊಂಡು ನನ್ನ ತವರಮನಿಗೆ ಅಟ್ಟತಾಳ," ಎಂದು ಅತ್ತಳು.

ಅತ್ತೆಗೆ ಹೇಳದೆ ಸೊಸೆಯನ್ನು ತಿಂಗಳು ತಿಂಗಳು ದವಾಖಾನೆಗೆ ಒಯ್ಯುವುದು ಹೇಗೆ? ಮರುದಿನ ಶಾಲೆ ಬಿಟ್ಟ ಮೇಲೆ ಅನ್ನಪೂರ್ಣವ್ವನನ್ನು ಒಪ್ಪಿಸಿ ಅವಳ ಮನೆಗೆ ಹೋದೆ. ಮೆತ್ತಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ, ಆದರೆ ಹೊಸ್ತಿಲು ದಾಟುತ್ತಲೇ ಎಲ್ಲ ಹೇಳಿಬಿಟ್ಟೆ. ಬಸವಣ್ಣೆವ್ವ ಎದ್ದು ಸೊಸೆಯ ತೊಡೆಯ ಮೇಲಿದ್ದ ಕೂಸನ್ನು ತಟ್ಟನೆ ಎತ್ತಿಕೊಂಡಳು.

"ದೇವಿ ಕೊಟ್ಟ ಕೈಗೆ ರೋಗ ಅಂತೀರೇನ್ರಿ? ಖರೇನ ಆ ರೋಗ ಇದ್ರ ಆಕಿ ಇವತ್ತ ಮುಂಡರಗಿ ಬಸ್ಸ ಹತ್ತಿ ತವರಮನಿಗೆ ಹೋಗಲಿ. ಕೂಸು ಇಲ್ಲೇ ಇರತೈತಿ."

"ಬಸವಣ್ಣೆವ್ವಾರ, ನನಗೂ ಇದ ರೋಗ ಇತ್ತು. ಗುಳಿಗಿ ತೊಗೊಂಡು ಆರಾಮ ಆಗೀನಿ. ನಮ್ಮತ್ತಿ ಎಂಟು ತಿಂಗಳ ನನಗ ಹಿತ್ತಲಾಗ ಬ್ಯಾರೆ ತಾಟಿನ್ಯಾಗ ಊಟಕ್ಕ ಹಾಕಿದ್ರು. ಇವತ್ತ ನಾನ ಅವರಿಗೆ ಅಡಿಗಿ ಮಾಡಿ ಬಡಸ್ತೀನಿ."

ಬಸವಣ್ಣೆವ್ವ ನನ್ನನ್ನು ಅಡಿಯಿಂದ ಮುಡಿಯತನಕ ನೋಡಿ ನಕ್ಕಳು. "ನಿಮ್ಮಂಥಾ ಗುಡಿ ಪೂಜಿ ಮಾಡೋ ಮನೆತನದವರಿಗೆ ಆ ರೋಗ ಬರತೈತೇನ್ರಿ? ಸರಕಾರದ ಪಗಾರ ತಿಂತೀರಿ, ಅವರು ಹೇಳಂದದ್ದು ಹೇಳ್ತೀರಿ. ನಡೀರಿ ನಡೀರಿ."

ಸಿಟ್ಟು ನೆತ್ತಿಗೇರಿತು. ಆದರೆ ಅವಳ ಮಗ ದೇವೇಂದ್ರಪ್ಪ ಬಾಗಿಲತನಕ ಬಂದು, "ಅಕ್ಕೋರ, ಎರಡ ದಿನ ನಾ ತಡೀತೇನ್ರಿ. ಅವ್ವ ನಂಬೋವಂಥಾರು ಯಾರರ ಇದ್ರ ಕರಕೊಂಡ ಬರ್ರಿ," ಎಂದ. ಅವನಿಗೆ ಹೆಂಡತಿಯ ಮೇಲೆ ಜೀವವಿತ್ತು, ಅವ್ವನ ಮುಂದೆ ಮಾತು ಹೊರಡುತ್ತಿರಲಿಲ್ಲ.

ಬಸವಣ್ಣೆವ್ವ ನಂಬುವ ಒಬ್ಬಳನ್ನು ನಾನು ಬಲ್ಲೆ. ಅವಳು ಶಿಗ್ಲಿಯ ಮಾಸುಮಬಿ, ಬುಟ್ಟಿ ಹೊತ್ತು ಈ ಊರಿನ ಮನೆಮನೆಗೆ ಬಂದು ಬಳೆ ಇಡಿಸುವವಳು. ನಮ್ಮಿಬ್ಬರ ಗೆಳೆತನವಾದದ್ದು ದವಾಖಾನೆಯ ಸರದಿಯಲ್ಲಿ. ಇಬ್ಬರದೂ ಅದೇ ರೋಗ, ಅದೇ ಗುಳಿಗೆ. ಆದರೆ ಊರಿಗೆ ಅವಳ ಸುದ್ದಿ ಗೊತ್ತಿರಲಿಲ್ಲ.

ಮರುದಿನವೇ ಅವಳನ್ನು ಹುಡುಕಿಕೊಂಡು ಹೋದೆ. ವಿಷಯ ಕೇಳಿ ಮಾಸುಮಬಿ ಬುಟ್ಟಿ ಕೆಳಗಿಟ್ಟಳು. "ಅಕ್ಕೋರ, ನಿಮ್ಮ ಕೈಯಾಗ ಪುಸ್ತಕ ಐತ್ರಿ. ನನ್ನ ಕೈಯಾಗ ಮಂದಿ ಕೈ. ಗೊತ್ತಾದ್ರ ನಾಳೆ ನನಗ ಯಾರು ಕೈ ಕೊಡ್ತಾರ?"

ಬುಟ್ಟಿಯೊಳಗಿನ ಬಳೆ ಸರಿಸುತ್ತ ಅವಳೇ, "ಕೂಸಿಗೆ ಎಷ್ಟ ತಿಂಗಳಂದ್ರಿ?" ಎಂದಳು.

"ಎಂಟು."

"ಅಲ್ಲಾ! ನಡೀರಿ ಹಂಗಾರ," ಎಂದು ಬುಟ್ಟಿ ಎತ್ತಿದಳು.

ಬಸವಣ್ಣೆವ್ವನ ಜಗಲಿಯ ಮೇಲೆ ಕುಳಿತು ಮಾಸುಮಬಿ ಎಲ್ಲ ಹೇಳಿದಳು. "ಅವ್ವಾರ, ನಾಕ ವರ್ಷದ ಹಿಂದ ನನ್ನ ಬೆನ್ನಾಗ, ತೊಡಿ ಮ್ಯಾಲ ಇಂಥಾ ಮಚ್ಚಿ ಎದ್ದಿದ್ವು. ಎರಡ ವರ್ಷ ಗುಳಿಗಿ ನುಂಗೇನಿ. ಮೊದಲನೇ ದಿನ ಉಚ್ಚಿ ಕೆಂಪಗ ಹೋತು. ರಕ್ತ ಬಂತು, ನಾ ಸತ್ತೆ ಅಂತ ಲಬೋ ಲಬೋ ಹೊಯ್ಕೊಂಡೆ! ಡಾಕ್ಟರ್ ನಕ್ಕು, ಅದು ಗುಳಿಗಿ ಬಣ್ಣ ಹೋಗವಾ ಅಂದ್ರು. ಮೈ ಸ್ವಲ್ಪ ಕರ್ರಗಾತು, ಔಷಧ ಮುಗದ ಮ್ಯಾಲ ತಿಳೀತು. ಈಗ ಏನೂ ಇಲ್ಲ."

ಬಸವಣ್ಣೆವ್ವ ತನ್ನ ಮುಂಗೈ ನೋಡಿಕೊಂಡಳು. ಅಲ್ಲಿದ್ದ ಹಸಿರು ಬಳೆ ಇಡಿಸಿದವಳು ಇದೇ ಮಾಸುಮಬಿ.

"ಅಯ್ಯ ನನ್ನವ್ವಾ! ನನ್ನ ಕೈ ಹಿಡದಿಯಲ್ಲs!"

"ಹಿಡದೇನ್ರಿ. ಔಷಧ ನಡದಾಗೂ ಹಿಡದೇನಿ. ಗುಳಿಗಿ ಶುರು ಆದ ಮ್ಯಾಲ ಈ ರೋಗ ಇನ್ನೊಬ್ಬರಿಗೆ ಹತ್ತಂಗಿಲ್ಲ ಅಂತ ಡಾಕ್ಟರ್ ಖಾತ್ರಿ ಹೇಳಿದ್ರು. ನಿಮಗೇನರ ಆಗೇತೇನ್ರಿ? ಓಣಿಯಾಗ ಯಾರಿಗರ ಆಗೇತೇನು?"

ಬಸವಣ್ಣೆವ್ವ ಯೋಚಿಸಿದಳು. "ಇಲ್ಲ... ಆದ್ರ ಕೂಸು? ಹಾಲು ಕುಡಿಯೋ ಕೂಸಿಗೆ ಬಂದ್ರ?"

"ಗುಳಿಗಿ ತೊಗೊಂತನ ನನ್ನ ಮಗಳಿಗೆ ಹಾಲ ಕುಡಿಸೇನ್ರಿ. ಬಿಡಸಬ್ಯಾಡ ಅಂದವರ ಡಾಕ್ಟರ್. ಆಕಿ ಈಗ ಓಣಿ ತುಂಬ ಓಡತಾಳ, ಹಿಡಿಯಾಕ ಆಗವಲ್ದು. ಔಷಧ ತೊಗೊಳ್ಳಲಾರದ ಕುಂತ್ರ ಆವಾಗ ಅಂಜಬೇಕ್ರಿ. ಬೆರಳು ಸೊಟ್ಟ ಆಗಿ ನಿಂತ ಮ್ಯಾಲ ಯಾವ ಗುಳಿಗೀನೂ ನೆಟ್ಟಗ ಮಾಡಂಗಿಲ್ಲ."

ಬಸವಣ್ಣೆವ್ವ ಸೊಸೆಯನ್ನು ಹತ್ತಿರ ಕರೆದಳು. ಅನ್ನಪೂರ್ಣವ್ವ ಅತ್ತೆಯ ತೊಡೆಯ ಮೇಲಿದ್ದ ಕೂಸಿನ ಕಡೆಗೇ ನೋಡುತ್ತ ಬಂದು ಕುಳಿತಳು. ಅತ್ತೆ ಅವಳ ಕಿರುಬೆರಳು ಹಿಡಿದು ಉಗುರು ಊರುವಂತೆ ಜೋರಾಗಿ ಚಿವುಟಿದಳು. ಅನ್ನಪೂರ್ಣವ್ವ ಕೂಸನ್ನು ನೋಡುತ್ತಲೇ ಇದ್ದಳು. ಚಿವುಟಿದ್ದು ಅವಳಿಗೆ ತಿಳಿಯಲೇ ಇಲ್ಲ.

ಮುದುಕಿ ಆ ಬೆರಳನ್ನು ಬಿಡಲಿಲ್ಲ. "ಯವ್ವಾ, ನಾ ಊರ ತುಂಬ ಹೊಗಳಿ ಹೊಗಳಿ ನಿನ್ನ ಕೈ ಸುಡಿಸಿದ್ನಲ್ಲs!" ಎಂದು ಗಟ್ಟಿಯಾಗಿ ಅತ್ತುಬಿಟ್ಟಳು. ಅಳುತ್ತಲೇ ಕೂಸನ್ನು ಸೊಸೆಯ ಮಡಿಲಿಗೆ ಹಾಕಿದಳು. ನನಗೂ ತಡೆಯಲಾಗಲಿಲ್ಲ, ಕಣ್ಣು ಒರೆಸಿಕೊಂಡೆ. ಮಾಸುಮಬಿ ಮಾತ್ರ, "ಆತಲ್ರಿ, ಅಳೋದು ಸಾಕು, ಚಾ ಇಡ್ರಿ," ಎಂದಳು.

ಮರುದಿನ ಮೊದಲ ಬಸ್ಸಿಗೆ ಅತ್ತೆ, ಸೊಸೆ, ಮಗ, ಕೂಸು, ನಾಲ್ವರೂ ದವಾಖಾನೆಗೆ ಹೊರಟರು. ಡಾಕ್ಟರು ಮನೆಯವರೆಲ್ಲರ ಮೈ ಪರೀಕ್ಷಿಸಿದರು. ಉಳಿದವರಿಗೆ ಏನೂ ಇರಲಿಲ್ಲ. ಅನ್ನಪೂರ್ಣವ್ವನಿಗೆ ಅಂದೇ ಗುಳಿಗೆ ಶುರುವಾಯಿತು, ದವಾಖಾನೆಯವರು ಒಂದು ಪೈಸೆಯೂ ತೆಗೆದುಕೊಳ್ಳಲಿಲ್ಲ. ತಿಂಗಳಿಗೊಮ್ಮೆ ತಪ್ಪದೆ ಕರೆದೊಯ್ದವಳು ಬಸವಣ್ಣೆವ್ವನೇ. ಔಷಧ ಮುಗಿದಿದೆ, ಮಚ್ಚೆ ಮಾಸಿದೆ. ಕಿರುಬೆರಳಿಗೆ ಇನ್ನೂ ಪೂರ್ತಿ ಸ್ಪರ್ಶ ಬಂದಿಲ್ಲ, ಆದರೆ ಬೆರಳು ನೆಟ್ಟಗಿದೆ, ಕೈ ಉಳಿದಿದೆ. ರೊಟ್ಟಿ ಬಡಿಯುವಾಗ ಅವಳ ಪಕ್ಕದಲ್ಲಿ ಈಗ ದಪ್ಪ ಅರಿವೆ ಇರುತ್ತದೆ. ಮರೆತು ಬರಿಗೈ ಚಾಚಿದರೆ ಅತ್ತೆ ಓಣಿಗೆಲ್ಲ ಕೇಳುವಂತೆ ಬೈಯುತ್ತಾಳೆ.

ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ಕುಷ್ಠರೋಗ ಪಾಪದ ಫಲವಲ್ಲ, ಯಾರ ಶಾಪವೂ ಅಲ್ಲ. ಅದು ಕ್ರಿಮಿಯಿಂದ ಬರುವ ರೋಗ, ಯಾವ ಮನೆತನಕ್ಕೂ ಬರಬಹುದು. ಮೈಮೇಲೆ ಬಿಳಿಚಿದ ಅಥವಾ ಕೆಂಪಾದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ತಿಳಿಯದಿದ್ದರೆ, ಸುಟ್ಟರೂ ಚುಚ್ಚಿದರೂ ನೋವಾಗದಿದ್ದರೆ, ನಾಳೆಯೇ ಸರಕಾರಿ ದವಾಖಾನೆಗೆ ಹೋಗಿ. ಕೆಲವರಿಗೆ ಆರು ತಿಂಗಳು, ಕೆಲವರಿಗೆ ಎರಡು ವರ್ಷ ಔಷಧ ಬೇಕು. ನಡುವೆ ಬಿಡಬೇಡಿ. ಮನೆಯವರನ್ನು ಮನೆಯಿಂದ ಹಾಕಬೇಡಿ.

ಇನ್ನೊಂದು ಮಾತು ಉಳಿದಿದೆ. ತನ್ನ ರೋಗದ ಸುದ್ದಿ ಹೇಳಿಕೊಂಡ ಮೇಲೆ ಮಾಸುಮಬಿಯನ್ನು ಯಳವತ್ತಿಯ ಎರಡು ಓಣಿಗಳು ಕರೆಯುವುದನ್ನೇ ಬಿಟ್ಟವು. ಅವಳು ಹೇಳಿದ್ದರಿಂದಲೇ ಒಂದು ಕೈ ಉಳಿಯಿತು, ಒಂದು ಕೂಸು ತಾಯಿಯ ಹತ್ತಿರ ಉಳಿಯಿತು. ನಾನು ಈ ಹಾಳೆ ಬರೆದದ್ದು ಆ ಎರಡು ಓಣಿಯವರಿಗಾಗಿ, ಮತ್ತು ಎಲ್ಲ ಊರುಗಳಲ್ಲಿರುವ ಅಂಥ ಓಣಿಯವರಿಗಾಗಿ. ಮಂಗಳವಾರ ಅವಳು ಬುಟ್ಟಿ ಹೊತ್ತು ನಿಮ್ಮ ಬಾಗಿಲ ಮುಂದೆ ಹೋಗುತ್ತಾಳೆ. ಕೂಗಿ ಕರೆಯಿರಿ, ಕೈ ಕೊಡಿ.