ಅರ್ವಾಂತಕ್ಕೆ ಎರಡನೆಯ ಸಾಕ್ಷಿ

ಆ ಬೇಸಿಗೆಯಲ್ಲಿ ದಂಗುವೋಲೆ ಮೆಟ್ಟಿಲು ಹತ್ತಿದ ಹದಿನೇಳನೆಯ ಮನೆ ಅಪೊಲೋನಿಯಾ ಅಜ್ಜಿಯದು. ಲಿಥುವೇನಿಯಾದ ಹಳ್ಳಿಗಳಲ್ಲಿ ಹೊಳೆಗಳ, ಕೆರೆಗಳ ಹೆಸರು ಸಂಗ್ರಹಿಸುವುದು ಮೂವತ್ತು ವರ್ಷಗಳಿಂದ ದಂಗುವೋಲೆಯ ಕೆಲಸ. ಈಚೆಗೆ ಮಂಡಿಗಳು ಮಾತು ಕೇಳುತ್ತಿರಲಿಲ್ಲ.

ಹಿತ್ತಲಿನಾಚೆ ಹರಿಯುವ ನೀರಿಗೆ ನಕ್ಷೆಯಲ್ಲಿ ‘ಎಂಟನೆಯ ಕಾಲುವೆ’ ಎಂದು ಹೆಸರು. ಜೌಗು ಬತ್ತಿಸಲು ಅದನ್ನು ನೇರವಾಗಿ ಅಗೆದಾಗ ಹಳೆಯ ಹೆಸರು ಕಾಗದಗಳಿಂದ ಅಳಿದುಹೋಗಿತ್ತು. ಹೋದ ವರ್ಷ ಒಬ್ಬ ಮುದುಕ, ಸಾಯುವ ಮುನ್ನ, ಅದನ್ನು ‘ಅರ್ವಾಂತ’ ಎಂದಿದ್ದ. ಊರಿನ ಭಾಷೆಯಲ್ಲಿ ಆ ಪದಕ್ಕೆ ಅರ್ಥವಿಲ್ಲ. ಅದಕ್ಕೆ ನೆಂಟಸ್ತನವಿರುವ ಪದಗಳು ದೂರದೇಶಗಳ ನದಿಗಳ ಹೆಸರುಗಳಲ್ಲಿದ್ದವು. ಈ ಭಾಷೆ ಇಲ್ಲಿ ಕಾಲಿಡುವ ಮೊದಲೇ ಯಾರೋ ಇಟ್ಟ ಹೆಸರು ಅದೆಂದು ದಂಗುವೋಲೆ ನಂಬಿದ್ದಳು. ಆದರೆ ಸಂಗ್ರಹಕ್ಕೆ ಸೇರಬೇಕಾದರೆ ಅದು ಎರಡನೆಯವರ ಬಾಯಿಂದಲೂ ಬರಬೇಕು. ಪ್ರಶ್ನೆ ಕೇಳುವವರು ಅದನ್ನು ಮೊದಲು ಉಚ್ಚರಿಸಕೂಡದು. ಊರಿನ ಹಳಬರಲ್ಲಿ ಉಳಿದವಳು ಈ ಅಜ್ಜಿಯೊಬ್ಬಳೇ.

“ಅಜ್ಜೀ, ನೀವು ಚಿಕ್ಕವರಿದ್ದಾಗ ಆ ನೀರಿಗೆ ಏನಂತಿದ್ರಿ?”

“ನೀರಿಗೆ ನೀರು ಅಂತಿದ್ವಿ. ಮೊದ್ಲು ಸೂಪು ಕುಡಿ ಮಗಳೇ. ಓದಿ ಓದಿ ಕಡ್ಡಿ ಆಗಿದ್ದೀಯ.”

ತಣ್ಣನೆಯ ಬೀಟ್‌ರೂಟ್ ಸೂಪು, ಕಪ್ಪು ಬ್ರೆಡ್ಡು ಮುಂದೆ ಬಂದವು.

“ದನಗಳಿಗೆ ನೀರು ಕುಡಿಸೋಕೆ ಎಲ್ಲಿಗೆ ಹೋಗ್ತೀನಿ ಅಂತ ಮನೇಲಿ ಹೇಳ್ತಿದ್ರಿ?”

“ಯಾಕೆ ಹೇಳ್ಬೇಕು? ದಾರಿ ದನಕ್ಕೇ ಗೊತ್ತಿತ್ತು!” ಅಜ್ಜಿ ನಕ್ಕಳು.

ಹೀಗೆ ಮೂರು ಗಂಟೆ ಕಳೆಯಿತು. ಸೆಕೆ, ನೊಣ, ಹೊಟ್ಟೆ ತುಂಬಿದ ಮಂಪರು. ಆಗ ಯಾವ ಹೊಸ ಸಂಗ್ರಾಹಕರೂ ಮಾಡದ ತಪ್ಪನ್ನು ದಂಗುವೋಲೆ ಮಾಡಿದಳು.

“ಅರ್ವಾಂತ ಅಂತಿದ್ರಾ?”

“ಹೂಂ ಹೂಂ, ಅದೇ! ನಿನಗೇ ಗೊತ್ತಿದೆಯಲ್ಲೇ! ಸುಮ್ನೆ ನನ್ನ ಗೋಳು ಹುಯ್ಕೋತಿದ್ದೆ.”

ಪರೀಕ್ಷಿಸಲೆಂದು ದಂಗುವೋಲೆ ಆಗಷ್ಟೇ ತಾನೇ ಹೊಸೆದ ಒಂದು ಹೆಸರನ್ನು ಮುಂದಿಟ್ಟಳು: “ಸುರ್ಮೇಲ ಅಂತಲೂ ಕರೀತಿದ್ರಾ?”

“ಹಾಗೂ ಕರೀತಿದ್ವಿ ಕಣಮ್ಮಾ. ಪಾಪ, ಅಷ್ಟು ದೂರದಿಂದ ಬಂದಿದ್ದೀಯ.”

ಸಂಗ್ರಹದ ಚೀಟಿಯಲ್ಲಿ ಎರಡನೆಯ ಸಾಕ್ಷಿಯ ಜಾಗ ಖಾಲಿಯಿತ್ತು. ಅಲ್ಲಿ ಅಜ್ಜಿಯ ಹೆಸರು ಬರೆದರೆ ಪ್ರಶ್ನಿಸುವವರು ಯಾರೂ ಇರಲಿಲ್ಲ. ದಂಗುವೋಲೆ ಎಂದಿನ ದುಂಡಗಿನ ಅಕ್ಷರಗಳಲ್ಲಿ ಬರೆದಳು: ‘ಪ್ರಶ್ನೆ ಕೇಳಿದವಳೇ ಹೆಸರನ್ನು ಹೇಳಿಕೊಟ್ಟಳು. ಲೆಕ್ಕಕ್ಕಿಲ್ಲ.’

“ಬರ್ಕೊಂಡ್ಯಾ? ಸರಿಹೋಯ್ತಾ?” ಅಜ್ಜಿ ಕೇಳಿದಳು.

“ಸರಿಹೋಯ್ತು ಅಜ್ಜೀ,” ಎಂದು ದಂಗುವೋಲೆ ಪೆನ್ನಿನ ಮುಚ್ಚಳ ಹಾಕಿದಳು.