ಐದನೆಯ ಹೆಸರು

ಕಾಲೇಜಿನ ಪರಿಚಯ ಪುಸ್ತಿಕೆ ಅಚ್ಚಾಗಿ ಬಂದ ದಿನ ಸೀಟಿ ಮೇಡಂ ಅದನ್ನು ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. ನಾಲ್ಕನೆಯ ಪುಟದಲ್ಲಿ ನೀಲಿ ಬಣ್ಣದ ಓಟದ ಟ್ರ್ಯಾಕು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಕುರ್ಚಿಗಳು, ನಾಲ್ಕು ಮೂಲೆಗೂ ದೀಪದ ಕಂಬಗಳು. ಕೆಳಗೆ ದಪ್ಪ ಅಕ್ಷರದಲ್ಲಿ 'ನಮ್ಮ ಕ್ರೀಡಾ ಸೌಲಭ್ಯ' ಎಂದಿತ್ತು.

"ಸರ್, ಇದು ಯಾರ ಮೈದಾನ?"

"ಯಾರದೋ ಒಂದು. ಫೋಟೋ ಚೆನ್ನಾಗಿದೆಯಲ್ಲ."

"ಚೆನ್ನಾಗಿದೆ. ನಮ್ಮದಲ್ಲ."

"ಎಲ್ಲರೂ ಹೀಗೇ ಹಾಕ್ತಾರೆ ಮೇಡಂ. ನೀವೊಬ್ಬರು ಸತ್ಯ ಸತ್ಯ ಅಂತ ಕೂತ್ರೆ ಸೀಟು ತುಂಬೋದು ಹೇಗೆ?"

ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು? ಆ ಕಾಲೇಜಿನ ಮೈದಾನವನ್ನು ಕಂಡವರಿಗೇ ಗೊತ್ತು. ಒಂದು ಕಡೆಗೆ ಇಳಿಜಾರು. ಓಡುವವರು ಅರ್ಧ ಸುತ್ತು ಹಾರಿಕೊಂಡು ಹೋಗಿ, ಉಳಿದರ್ಧ ಸುತ್ತು ಏದುಸಿರು ಬಿಡುತ್ತ ಹತ್ತಬೇಕು. ಒಂದು ಮೂಲೆಯಲ್ಲಿ ಅಧ್ಯಾಪಕರ ಸ್ಕೂಟರುಗಳು. ಚೆಂಡು, ಗುಂಡು, ಈಟಿ ಎಲ್ಲ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಪೊರಕೆ ಬಕೆಟ್ಟುಗಳ ಜೊತೆ. ಇನ್ನು ಎತ್ತರ ಜಿಗಿತದ ಹಾಸಿಗೆ. ಅದನ್ನು ಯಾವ ಕಂಪನಿಯೂ ಮಾಡಿದ್ದಲ್ಲ. ಹಾಸ್ಟೆಲ್‌ನವರು ಎಸೆದ ಹನ್ನೊಂದು ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಹಳೆಯ ವಾಲಿಬಾಲ್ ನೆಟ್ಟನ್ನು ಸುತ್ತಿ, ದಬ್ಬಳದಲ್ಲಿ ಹೊಲಿದು ಮಾಡಿದ್ದು. ಹೊಲಿದವರು ಮೇಡಂ ಮತ್ತು ಅವರ ಮಕ್ಕಳು. ಮಕ್ಕಳು ಎಂದರೆ ವಿದ್ಯಾರ್ಥಿಗಳು. ಹೆತ್ತ ಮಕ್ಕಳಿಗಿಂತ ಹೆಚ್ಚು ಬೈಗುಳ ತಿಂದವರು.

ಸೀಟಿ ಮೇಡಂ ಎಂಬ ಹೆಸರು ಅವರ ಕೊರಳಲ್ಲಿ ಸದಾ ತೂಗುತ್ತಿದ್ದ ಸೀಟಿಯಿಂದ ಬಂದದ್ದು. ಅದನ್ನು ಅವರು ಊದಿದ್ದನ್ನು ಕಂಡವರು ಕಡಿಮೆ. ಅವರು ಬಾಯಿ ಬಿಟ್ಟರೆ ಸೀಟಿಗೆ ಕೆಲಸವಿರುತ್ತಿರಲಿಲ್ಲ.

ಪ್ರತಿ ವರ್ಷ ಪರೀಕ್ಷೆ ಮುಗಿಯುತ್ತಿದ್ದಂತೆ ಅವರು ಮನೆ ಮನೆ ಸುತ್ತಬೇಕಾಗಿತ್ತು. ಯಾವ ಶಾಲೆಯಲ್ಲಿ ಯಾರು ಚೆನ್ನಾಗಿ ಓಡುತ್ತಾರೆ, ಯಾರು ಎಸೆಯುತ್ತಾರೆ ಎಂದು ಪತ್ತೆ ಮಾಡಿ, ಅಪ್ಪ ಅಮ್ಮನ ಮುಂದೆ ಕೂತು, ನಮ್ಮ ಕಾಲೇಜಿಗೆ ಕಳಿಸಿ ಎಂದು ಕೇಳಬೇಕು. ಆ ವರ್ಷ ಅವರ ಕಣ್ಣು ಇದ್ದದ್ದು ಒಬ್ಬಳ ಮೇಲೆ. ಶಾಲೆಯಲ್ಲಿ ಎಲ್ಲರೂ ಅವಳನ್ನು ಏಣಿ ಎಂದು ಕರೆಯುತ್ತಿದ್ದರು. ಹದಿನೇಳು ವರ್ಷ, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಶಾಲೆಯ ಕೊನೆಯ ಕ್ರೀಡಾಕೂಟದಲ್ಲಿ ಒಂದು ಮೀಟರ್ ಅರವತ್ತೆರಡು ಸೆಂಟಿಮೀಟರ್ ಹಾರಿದ್ದಳು, ಅದೂ ಮರಳಿನ ಮೇಲೆ ಬಿದ್ದು.

ಏಣಿಯ ಅಮ್ಮ ಹೊಲಿಗೆಯವಳು. ಮನೆಯೆಂದರೆ ಒಂದೇ ಕೋಣೆ. ಅರ್ಧ ಕೋಣೆ ಶಾಲಾ ಸಮವಸ್ತ್ರದ ಬಟ್ಟೆ ರಾಶಿಗೆ, ಇನ್ನರ್ಧ ತಾಯಿ ಮಗಳಿಗೆ. ಮೇಡಂ ಕೂರಲು ಅಮ್ಮ ರಾಶಿಯನ್ನು ಸರಿಸಿ ಜಾಗ ಮಾಡಿಕೊಟ್ಟಳು. ಏಣಿ ಗೋಡೆಗೆ ಒರಗಿ ನಿಂತಳು. ಪುಸ್ತಿಕೆಯ ನಾಲ್ಕನೆಯ ಪುಟವನ್ನು ಅಮ್ಮ ಕಣ್ಣರಳಿಸಿ ನೋಡಿದಳು.

"ಎಷ್ಟು ಚೆನ್ನಾಗಿದೆ ಮೇಡಂ ನಿಮ್ಮ ಮೈದಾನ."

"ಅಮ್ಮಾ, ಅದು ನಮ್ಮದಲ್ಲ," ಎಂದರು ಮೇಡಂ. "ಆ ಪುಟ ಬಿಟ್ಟುಬಿಡಿ. ನಮ್ಮ ಮೈದಾನ ಇಳಿಜಾರು. ಹಾಸಿಗೆ ನಾವೇ ಹೊಲಿದಿದ್ದು. ಹಾಸ್ಟೆಲ್ ಕೊಡೋಕ್ಕಾಗಲ್ಲ, ಶೂ ಕೊಡೋಕ್ಕಾಗಲ್ಲ. ಸುಳ್ಳು ಹೇಳಿ ಕರ್ಕೊಂಡು ಹೋಗೋದು ನನ್ನ ಕೈಲಿ ಆಗಲ್ಲ."

ಅಮ್ಮ ಹೊಲಿಗೆ ಯಂತ್ರದ ಮೇಲಿನ ಕೈಯನ್ನು ತೆಗೆದಳು. "ಮತ್ತೆ ಏನು ಕೊಡ್ತೀರಾ?"

"ಅವಳು ಹಾರ್ತಾಳೆ. ಪ್ರತಿ ಕೂಟದಲ್ಲೂ ಹಾರ್ತಾಳೆ. ಕಾಲೇಜು ಕೂಟದಲ್ಲಿ ಒಂದು ಆಟಕ್ಕೆ ಒಂದು ಕಾಲೇಜಿಂದ ಇಬ್ಬರಿಗೆ ಮಾತ್ರ ಅವಕಾಶ. ನಮ್ಮಲ್ಲಿ ಎತ್ತರ ಜಿಗಿತಕ್ಕೆ ಯಾರೂ ಇಲ್ಲ. ಆ ದೊಡ್ಡ ಕಾಲೇಜಲ್ಲಿ ಈಗಾಗ್ಲೇ ನಾಲ್ಕು ಜನ ಇದ್ದಾರೆ. ಇವಳು ಹೋದ್ರೆ ಐದನೆಯವಳು."

ದೊಡ್ಡ ಕಾಲೇಜಿನವರು ಹಿಂದಿನ ವಾರವೇ ಬಂದು ಹೋಗಿದ್ದರು. ಮೂಲೆಯಲ್ಲಿ ಹೊಸ ಟ್ರ್ಯಾಕ್‌ಸೂಟು, ಡಬ್ಬದೊಳಗಿನ ಮುಳ್ಳಿನ ಶೂ. ಹಾಸ್ಟೆಲ್ಲಿನಲ್ಲಿ ಅವಳಿಗೆಂದೇ ಒಂದು ಮಂಚ, ಮೂರು ಹೊತ್ತು ಊಟ ಎಂದು ಬರೆದುಕೊಟ್ಟಿದ್ದರು.

"ಇಲ್ಲಿ ಇವಳು ಕಾಲು ಚಾಚಿ ಮಲಗಿ ಎಷ್ಟು ವರ್ಷ ಆಯ್ತು ಗೊತ್ತಾ ಮೇಡಂ?" ಎಂದಳು ಅಮ್ಮ. "ಬಾಗಿಲಿಗೆ ಕಾಲು ತಾಗುತ್ತೆ. ಒಳ್ಳೆಯವಳು ಯಾವಾಗಲೂ ಐದನೆಯವಳಾಗೇ ಇರ್ತಾಳಾ? ಅವರಿಗೂ ಕಣ್ಣಿರುತ್ತಲ್ಲ."

ಮಗಳು ಕಾಲು ಚಾಚಿ ಮಲಗಲಿ ಎಂದು ಬಯಸುವ ತಾಯಿಯ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಕೆಟ್ಟವರಲ್ಲ ಮೇಡಂ. ಏಣಿ ಮಾತ್ರ ಡಬ್ಬದ ಕಡೆ ನೋಡುತ್ತಿರಲಿಲ್ಲ, ಮೇಡಂ ಕಡೆಯೂ ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ದೊಡ್ಡ ಕಾಲೇಜಿನವರಿಗೆ ಕಣ್ಣಿತ್ತು, ಇರಲಿಲ್ಲ ಎನ್ನುವಂತಿಲ್ಲ. ಒಂದು ವರ್ಷ ಕಳೆದ ಮೇಲೆ ಅಂತರ ಕಾಲೇಜು ಕೂಟದಲ್ಲಿ ಸೀಟಿ ಮೇಡಂ ಏಣಿಯನ್ನು ಕಂಡದ್ದು ಜಿಗಿತದ ಅಂಕಣದ ಹೊರಗೆ. ಅದೇ ಟ್ರ್ಯಾಕ್‌ಸೂಟು. ಎರಡು ಕೈಯಲ್ಲೂ ನೀರಿನ ಬಾಟಲಿ, ಹೆಗಲ ಮೇಲೆ ಬೇರೆ ಯಾರದೋ ಟವೆಲ್ಲು.

"ಹಾರಲ್ವೇನೇ?"

"ನಾನು ಐದನೇ ಹೆಸರು ಮೇಡಂ. ಇಬ್ಬರು ಸೀನಿಯರ್ಸ್ ಹಾರ್ತಾರೆ."

"ಪ್ರ್ಯಾಕ್ಟೀಸಲ್ಲಿ ಎಷ್ಟು ಹಾರ್ತಿದ್ದೀಯ?"

"ಹಾಸಿಗೆ ಬೆಳಗ್ಗೆ ಸಂಜೆ ಅವರಿಬ್ಬರಿಗೆ. ಅವರದು ಮುಗಿದ ಮೇಲೆ ಹೊದಿಕೆ ಹಾಕಿ ಬೀಗ ಹಾಕ್ತಾರೆ. ಅವರು ಬೀಳಿಸಿದ ಬಾರ್ ನಾನು ಎತ್ತಿಡ್ತೀನಿ."

ಅವತ್ತು ಗೆದ್ದ ಎತ್ತರ ಒಂದು ಮೀಟರ್ ಐವತ್ತೈದು. ಏಣಿ ಶಾಲೆಯಲ್ಲಿದ್ದಾಗಲೇ ಅದನ್ನು ದಾಟಿ ಏಳು ಸೆಂಟಿಮೀಟರ್ ಮೇಲೆ ಹೋಗಿದ್ದಳು. ಹಾಗಾದರೆ ಇವಳನ್ನು ಕರೆತಂದದ್ದೇಕೆ? ಹಾರಿಸಲಿಕ್ಕಲ್ಲ. ಬೇರೆ ಯಾರ ಪರವಾಗಿಯೂ ಹಾರದಿರಲಿ ಎಂದು. ಸೀನಿಯರುಗಳಿಗೆ ಎದುರಾಳಿಯೇ ಇಲ್ಲದಂತೆ ಒಂದು ಮಂಚ, ಒಂದು ಶೂ ಕೊಟ್ಟು ಒಬ್ಬ ಹುಡುಗಿಯನ್ನು ಕೂರಿಸಿಟ್ಟರೆ ಮುಗಿಯಿತು. ಎಂಥ ನಾಚಿಕೆಗೆಟ್ಟ ಜಾಣತನ. ಮೇಡಂ ಹಲ್ಲು ಕಡಿದರು.

ಅದೇ ದಿನ ಮಧ್ಯಾಹ್ನ ಎಂಟುನೂರು ಮೀಟರ್ ಓಟದಲ್ಲಿ ಅವರ ಹುಡುಗ, ಕಡ್ಡಿ ಎಂದು ಎಲ್ಲರೂ ಕರೆಯುತ್ತಿದ್ದವನು, ಮೂರನೆಯವನಾಗಿ ಬಂದ. ಮೊದಲ ಇಬ್ಬರೂ ದೊಡ್ಡ ಕಾಲೇಜಿನವರು. ಕಡ್ಡಿಗೂ ಎರಡನೆಯವನಿಗೂ ನಡುವೆ ಒಂದು ಗೇಣು ಜಾಗವಿರಲಿಲ್ಲ. ಮೇಡಂ ಕುಣಿದಾಡಿಬಿಟ್ಟರು. ಆ ಗಲಾಟೆಯಲ್ಲಿ ಏಣಿ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಮೇಡಂ, ನಾನು ನಿಮ್ಮಲ್ಲಿಗೆ ಬರ್ತೀನಿ. ಅಮ್ಮನೂ ಹ್ಞೂಂ ಅಂದಿದ್ದಾಳೆ. ಇವರು ಬಿಡುಗಡೆ ಪತ್ರ ಕೊಡ್ತಿಲ್ಲ."

ಬಿಡುಗಡೆ ಪತ್ರವಿಲ್ಲದೆ ಕಾಲೇಜು ಬದಲಿಸಿದರೆ ಉಳಿದ ಎರಡು ವರ್ಷವೂ ಯಾವ ಕೂಟದಲ್ಲೂ ಹಾರುವಂತಿರಲಿಲ್ಲ. ಪತ್ರ ಕೊಡಿಸುತ್ತೇನೆ ಎಂದು ಮೇಡಂ ಅಲ್ಲೇ ಮಾತು ಕೊಟ್ಟರು. ಸುದ್ದಿ ತಿಳಿದದ್ದೇ ತಡ, ಕಡ್ಡಿಯೇ ಮುಂದೆ ನಿಂತು ಹಾಸಿಗೆಯ ಹರಿದ ಅಂಚನ್ನೆಲ್ಲ ಮತ್ತೆ ಹೊಲಿಸಿದ.

ದೊಡ್ಡ ಕಾಲೇಜಿನ ಕ್ರೀಡಾ ನಿರ್ದೇಶಕರ ಕೋಣೆ ತಣ್ಣಗಿತ್ತು. ಗಾಜಿನ ಕಪಾಟಿನ ತುಂಬ ಗೆದ್ದ ಕಪ್ಪುಗಳು, ಸಾಲದೆಂದು ನೆಲದ ಮೇಲೂ. ಕಿಟಕಿಯಾಚೆ ನಿಜವಾದ ನೀಲಿ ಟ್ರ್ಯಾಕು. ಏಣಿಯನ್ನೂ ಕರೆಸಿದ್ದರು, ಅವಳು ಬಾಗಿಲ ಬಳಿ ನಿಂತಿದ್ದಳು. ಮೇಡಂ ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತು ಜೋಡಿಸಿಕೊಂಡು ಬಂದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು.

"ನೀವು ಹಾರಿಸೋದಿಲ್ಲ, ಬಿಡೋದೂ ಇಲ್ಲ. ಅವಳೇನು ನಿಮ್ಮ ಕಪಾಟಿನ ಸಾಮಾನಾ ಸರ್? ಹಾರೋ ವಯಸ್ಸು ಎಷ್ಟು ದಿನ ಇರುತ್ತೆ? ನಿಮ್ಮ ಮಗಳಾಗಿದ್ರೆ ಹೀಗೆ ಬಾಟಲಿ ಹಿಡಿಸ್ತಿದ್ರಾ?"

ನಿರ್ದೇಶಕರು ಕೋಪ ಮಾಡಿಕೊಳ್ಳಲಿಲ್ಲ. ಅಂಥವರು ಕೋಪ ಮಾಡಿಕೊಳ್ಳುವುದಿಲ್ಲ. "ಟೀ ಕುಡೀರಿ ಮೇಡಂ," ಎಂದರು. "ಪತ್ರ ತಾನೇ, ಕೊಡೋಣ. ನಿಮ್ಮಲ್ಲಿ ಆ ಎಂಟುನೂರು ಮೀಟರ್ ಹುಡುಗ ಇದ್ದಾನಲ್ಲ, ತೆಳ್ಳಗಿರೋನು. ಅವನನ್ನ ಈ ಕಡೆ ಕಳಿಸಿ. ಇವಳನ್ನ ಇವತ್ತೇ ಕರ್ಕೊಂಡು ಹೋಗಿ. ನಿಮಗೂ ಸಮಾಧಾನ, ನಮಗೂ ಸಮಾಧಾನ."

ಆಗ ಮೇಡಂ ಎದ್ದು ನಿಂತು ಮೇಜು ಗುದ್ದಬೇಕಾಗಿತ್ತು. ಹಾಗೇ ಮಾಡಿದರು ಎಂದು ಹೇಳಲು ನನಗೂ ಇಷ್ಟ. ಆದರೆ ಅವರು ಕೂತೇ ಇದ್ದರು. ಕಡ್ಡಿಗೆ ಕಾಲೇಜಿನಲ್ಲಿ ಉಳಿದದ್ದು ಒಂದೇ ವರ್ಷ, ಏಣಿಗೆ ಎರಡು. ಕಡ್ಡಿ ಎಷ್ಟು ಓಡಿದರೂ ಮೂರನೆಯ ಸ್ಥಾನ, ಇವಳು ಬಂದರೆ ಮೊದಲನೆಯದೇ. ಇಲ್ಲಿನ ಊಟದಲ್ಲಿ ಅವನೂ ಸ್ವಲ್ಪ ಮೈ ತುಂಬಿಕೊಂಡಾನು. ಇಷ್ಟೆಲ್ಲ ಟೀ ಆರುವುದರೊಳಗೆ ಅವರ ತಲೆಯಲ್ಲಿ ಓಡಿಹೋಯಿತು.

"ಯೋಚನೆ ಮಾಡ್ತೀನಿ," ಎಂದರು ಮೇಡಂ. "ಅವನನ್ನೂ ಒಂದು ಮಾತು ಕೇಳ್ತೀನಿ."

ಬಾಗಿಲ ಬಳಿಯಿಂದ ಏಣಿ ಕೇಳಿದಳು: "ಸರ್, ಅವನು ಬಂದ್ರೆ ಇಲ್ಲಿ ಎಷ್ಟನೇ ಹೆಸರು?"

ನಿರ್ದೇಶಕರು ಅವಳ ಕಡೆ ತಿರುಗಿದರು. ಆ ಕೋಣೆಯಲ್ಲಿ ಅವಳಿಗೂ ಬಾಯಿ ಇದೆ ಎಂದು ಅವರಿಗೆ ಆಗಲೇ ಹೊಳೆದಂತಿತ್ತು. "ಮೂರನೇದೋ ನಾಲ್ಕನೇದೋ. ಅದೆಲ್ಲ ಆಮೇಲೆ ನೋಡೋಣ. ನಿನಗ್ಯಾಕಮ್ಮ ಅದು?"

"ಹಾಗಾದ್ರೆ ನನಗೆ ಪತ್ರ ಬೇಡ ಸರ್."

ನಿರ್ದೇಶಕರ ಮುಖ ಅರಳಿತು. "ನೋಡಿದ್ರಾ ಮೇಡಂ? ಇದನ್ನೇ ನಾವು ಸಂಸ್ಥೆಯ ಮೇಲಿನ ಅಭಿಮಾನ ಅನ್ನೋದು. ಭೇಷ್ ಹುಡುಗಿ." ಕೇಳಿದವರು ಕಿವಿ ಮುಚ್ಚಿಕೊಳ್ಳಬೇಕು, ಅಂಥ ಮಾತು.

ಗೇಟಿನವರೆಗೆ ಅವಳೇ ಮೇಡಂ ಜೊತೆ ಬಂದಳು. ಅಲ್ಲಿ ಮೇಡಂ ನಿಂತು ಅವಳ ಕಡೆ ತಿರುಗಿದರು.

"ನಾನು ಯೋಚನೆ ಮಾಡ್ತೀನಿ ಅಂದಿದ್ದು ಸುಮ್ಮನೆ ಕಣೇ. ಆ ಹೊತ್ತಿಗೆ ಏನೋ ಒಂದು..."

"ಇಲ್ಲ ಮೇಡಂ," ಎಂದಳು ಏಣಿ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ನೀವು ಸುಳ್ಳು ಹೇಳಲ್ಲ ಅಂತ ಅಮ್ಮ ಇವತ್ತಿಗೂ ಹೇಳ್ತಾಳೆ. ನೀವು ನಿಜವಾಗ್ಲೂ ಯೋಚನೆ ಮಾಡಿದ್ರಿ. ನಾನು ನೋಡ್ತಿದ್ದೆ."

ಅವಳಿಗೆ ಬಾರ್ ಎತ್ತಿಡುವ ಹೊತ್ತಾಗಿತ್ತು. ಹೊರಟುಹೋದಳು.

ವಾಪಸು ಬರುವಾಗ ಮೇಡಂ ಬಸ್ಸಿನಲ್ಲಿ ಎಲ್ಲರ ಮೇಲೂ ಸಿಟ್ಟಾದರು. ಇಬ್ಬರೇ ಹಾರಬೇಕೆಂದು ನಿಯಮ ಮಾಡಿದವರ ಮೇಲೆ, ಆ ನಿಯಮವನ್ನೇ ಬಲೆ ಮಾಡಿಕೊಂಡವರ ಮೇಲೆ, ನೀಲಿ ಫೋಟೋ ಹಾಕಿದ ಪ್ರಿನ್ಸಿಪಾಲರ ಮೇಲೆ. ಎಲ್ಲ ಸಿಟ್ಟೂ ನ್ಯಾಯವಾದದ್ದೇ. ಆದರೆ ಒಬ್ಬೊಬ್ಬರನ್ನೇ ಬೈದು ಮುಗಿಸಿದ ಮೇಲೆ ಇನ್ನೂ ಒಬ್ಬರು ಉಳಿದುಬಿಡುತ್ತಿದ್ದರು, ಮತ್ತು ಅವರು ಕೂತಿದ್ದದ್ದು ಮೇಡಂ ಸೀಟಿನಲ್ಲೇ.

ಮರುದಿನ ಬೆಳಗ್ಗೆ ಮೈದಾನದಲ್ಲಿ ಕಡ್ಡಿ ಆಗಲೇ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ಮೇಡಂ ಒಬ್ಬರೇ ಬಂದದ್ದನ್ನು ನೋಡಿ ಓಡಿ ಬಂದ.

"ಪತ್ರ ಕೊಡಲಿಲ್ವಾ ಮೇಡಂ?"

"ಕೊಡ್ತೀವಿ ಅಂದ್ರು. ಅವಳೇ ಬೇಡ ಅಂದ್ಲು."

"ಅಯ್ಯೋ, ಯಾಕೆ?"

ಇಲ್ಲಿ ಏನಾದರೊಂದು ಹೇಳಿ ಮುಗಿಸಬಹುದಿತ್ತು. ಅವಳ ಅಮ್ಮ ಒಪ್ಪಲಿಲ್ಲ ಎಂದರೆ ಸಾಕಾಗಿತ್ತು, ಯಾರೂ ಹೋಗಿ ವಿಚಾರಿಸುತ್ತಿರಲಿಲ್ಲ.

"ಅವಳ ಬದಲಿಗೆ ನಿನ್ನನ್ನ ಕೇಳಿದ್ರು," ಎಂದರು ಮೇಡಂ.

ಕಡ್ಡಿ ನಕ್ಕುಬಿಟ್ಟ. "ನನ್ನನ್ನಾ? ಸರಿಯಾಗಿ ಬೈದ್ರಿ ತಾನೇ? ನಿಮ್ಮ ಬಾಯಿಗೆ ಸಿಕ್ಕಿ ಅವರ ಗತಿ ಏನಾಯ್ತೋ."

"ಯೋಚನೆ ಮಾಡ್ತೀನಿ ಅಂದೆ."

ಅವನ ನಗು ತಕ್ಷಣ ಹೋಗಲಿಲ್ಲ. ತಮಾಷೆ ಇರಬಹುದೆಂದು ಸ್ವಲ್ಪ ಹೊತ್ತು ಮುಖದ ಮೇಲೇ ಕಾದಿತ್ತು. ಆಮೇಲೆ ಅವನು ಬಗ್ಗಿ, ಸರಿಯಾಗೇ ಇದ್ದ ಶೂ ದಾರವನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡ.

"ಎಷ್ಟು ಸುತ್ತು ಮೇಡಂ ಇವತ್ತು?"

"ಆರು."

ಅವನು ಓಡಿದ. ಮೇಡಂ ಗಡಿಯಾರ ಹಿಡಿದು ನಿಂತರು. ಆರು ಸುತ್ತು ಮುಗಿಸಿ ಅವನು ಮೇಡಂ ಮುಂದೆಯೇ ಹಾದು, ಚೀಲ ಎತ್ತಿಕೊಂಡು ತರಗತಿಗೆ ಹೋದ. ಅಷ್ಟು ಬೇಗ ಅವನು ಅದುವರೆಗೆ ಯಾವತ್ತೂ ಓಡಿರಲಿಲ್ಲ. ಎಷ್ಟಾಯಿತು ಎಂದು ಅವನು ಕೇಳಲಿಲ್ಲ, ಕರೆದು ಹೇಳಲು ಮೇಡಂಗೆ ಬಾಯಿ ಬರಲಿಲ್ಲ.